ಚುಕ್ಕಿ ಮೊದಲೋ ಗೆರೆ ಮೊದಲೋ

ಪುತಳಕ್ಕಾ,

‘ಪಾಪ, ಚುಕ್ಕಿ ಇಟ್ಟು ಗೆರಿ ಎಳಿಯೂದ ಮರತಾರ’ ಎಂದೋ ಏನೋ ಅಂದೆಯಲ್ಲ, ಅದನ್ನು ನೆನೆದು ಮೂರು ದಿನದಿಂದ ಒಬ್ಬನೇ ನಗುತ್ತಿದ್ದೇನೆ. ಶಾಲೆಯ ಪ್ರದರ್ಶನಕ್ಕೆ ತಂದಿದ್ದ ಆಸ್ಟ್ರೇಲಿಯಾದ ಮೂಲನಿವಾಸಿಗಳ ಚಿತ್ರದಲ್ಲಿ ನೀನು ಪೆನ್ಸಿಲಿನಿಂದ ಗೆರೆ ಎಳೆದು ಚುಕ್ಕಿ ಕೂಡಿಸಿದಾಗ ನಾನು ಚಿತ್ರವನ್ನೇ ದಿಟ್ಟಿಸುತ್ತ ನಿಂತೆ. ನೀನು ಅದನ್ನು ಸಿಟ್ಟೆಂದುಕೊಂಡು ಮರುದಿನವೇ ನಿನ್ನೂರು ನಾಗಣಸೂರಿಗೆ ಹೊರಟುಹೋದೆ. ಈಗ ಫೋನನ್ನೂ ಎತ್ತುತ್ತಿಲ್ಲ.

ಅದು ಸಿಟ್ಟಲ್ಲ. ಅಲ್ಲಿನ ಮರುಭೂಮಿಯವರು ಹೆಚ್ಚಾಗಿ ಗೆರೆ, ವೃತ್ತ ಬಿಡಿಸಿದ ಮೇಲೆ ಸುತ್ತ ಚುಕ್ಕಿ ತುಂಬುತ್ತಾರೆ, ನಮ್ಮ ರಂಗೋಲಿಗೆ ತದ್ವಿರುದ್ಧ. ಇಪ್ಪತ್ತು ವರ್ಷ ಚಿತ್ರಕಲೆ ಕಲಿಸಿದ ನನಗೆ ನಿನ್ನ ಪೆನ್ಸಿಲ್ ಓಡುವವರೆಗೆ ಇದು ಹೊಳೆದಿರಲಿಲ್ಲ.

ಪಕ್ಕದ ಚಿತ್ರ ನೋಡಿ, ‘ಇವ್ರ ಊರಾಗ ಚುಕ್ಕಿನ ಇಲ್ಲೇನೋ ತಮ್ಮಾ?’ ಎಂದೆ. ಅದು ಅದೇ ದೇಶದ ಉತ್ತರದ ಕಡೆಯದು. ಮರದ ತೊಗಟೆಯ ಮೇಲೆ ಕೂದಲೆಳೆಯಂಥ ಗೆರೆಗಳನ್ನು ಒತ್ತೊತ್ತಾಗಿ ಎಳೆದಿರುತ್ತಾರೆ. ನಾನು ಎರಡಕ್ಕೂ ಒಂದೇ ಚೀಟಿ ಅಂಟಿಸಿದ್ದೆ. ನಾಗಣಸೂರಿನ ರಂಗೋಲಿಯನ್ನು ಅಕ್ಕಲಕೋಟೆಯದೆಂದರೆ ನೀನು ಬಿಡುತ್ತಿದ್ದೆಯಾ? ನಿನ್ನೆ ಚೀಟಿ ಕಿತ್ತು ಅವರವರ ಸೀಮೆಯ ಹೆಸರು ಬರೆದೆ.

ನೀನು ಗೀಚಿದ್ದು ಬರೀ ಮುದ್ರಿಸಿದ ಪ್ರತಿ, ಇನ್ನೊಂದು ತರಿಸಿದ್ದೇನೆ. ಭಾನುವಾರ ಪ್ರದರ್ಶನ. ಆ ಎರಡು ಚಿತ್ರಗಳ ನಡುವೆ ನೆಲದ ಮೇಲೆ ನಿನ್ನ ರಂಗೋಲಿಗೆ ಜಾಗ ಬಿಟ್ಟಿದ್ದೇನೆ. ‘ರಂಗೋಲಿ ಮಾವಶಿ ಖರೇನ ಬರ್ತಾರೇನ್ರಿ ಸರ್?’ ಎಂದು ಆಗಲೇ ನಿನ್ನನ್ನು ಚಿಕ್ಕಮ್ಮ ಮಾಡಿಕೊಂಡ ಮಕ್ಕಳು ತಲೆ ತಿನ್ನುತ್ತಿದ್ದಾರೆ. ಹೌದು ಎಂದುಬಿಟ್ಟಿದ್ದೇನೆ. ಪುಡಿ ಇಲ್ಲಿದೆ, ಕೈಬೀಸಿಕೊಂಡು ಬಂದರೆ ಸಾಕು. ಸ್ಟ್ಯಾಂಡಿಗೆ ನಾನೇ ಬರುತ್ತೇನೆ. ಯಾವ ಬಸ್ಸಿಗೆ ಬರುತ್ತೀ?

ನಿನ್ನ ತಮ್ಮ
ಅಂಬಾರಾಯ
ವಿಜಾಪುರ ರಸ್ತೆ, ಸೊಲ್ಲಾಪುರ