ಕರಿ ಕೋಟುಗಳ ತಿಂಗಳು

ಅಣ್ಣಾ,

ಇಲ್ಲಿಗೆ ಬಂದು ಹನ್ನೆರಡು ದಿನವಾಯಿತು. "ಸಮುದ್ರ ಹೇಗಿದೆ ಅಂತ ಬರಿ. ಸುಮ್ನೆ ಚೆನ್ನಾಗಿದೆ ಅಂತ ಒಂದು ಸಾಲು ಗೀಚಿ ಕಳಿಸ್ಬೇಡ" ಎಂದು ಹೊರಡುವಾಗ ನೀನು ಹೇಳಿದ್ದೆ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಅಲೆ, ಮರಳು, ಗಾಳಿ ಎಂದು ನಾಲ್ಕು ಸಾಲು ಬರೆದು ಹರಿದು ಹಾಕಿದೆ. ಎರಡು ವರ್ಷದಿಂದ ನಿನಗೆ ಹೇಳಬೇಕಾದ ಮಾತೊಂದು ಹೇಳದೆ ಉಳಿದಿದೆ. ಅದನ್ನು ಹೇಳದೆ ಬೇರೇನೂ ಬರೆಯಲು ನನ್ನಿಂದ ಆಗುತ್ತಿಲ್ಲ.

ಮೊದಲು ನನ್ನ ಆರೋಗ್ಯದ ಸುದ್ದಿ. ಬಿ.ಪಿ. ಇಳಿದಿದೆ. ಲಾಡ್ಜಿನ ಪಕ್ಕದ ಔಷಧಿ ಅಂಗಡಿಯವನು ಎರಡು ದಿನಕ್ಕೊಮ್ಮೆ ತೋಳಿಗೆ ಪಟ್ಟಿ ಸುತ್ತಿ ನೋಡುತ್ತಾನೆ. "ಬಂದ ದಿನ ನನ್ನೇ ಹೆದರಿಸಿಬಿಟ್ಟಿದ್ರಲ್ಲ ಸಾರ್" ಎಂದು ನಗುತ್ತಾನೆ. ಮಲಗಿದರೆ ಬೆಳಿಗ್ಗೆಯೇ ಎಚ್ಚರ. ತಲೆಯ ಹಿಂಭಾಗದಲ್ಲಿ ಸದಾ ಕೂತಿರುತ್ತಿದ್ದ ಆ ನೋವು ಯಾವತ್ತು ಎದ್ದು ಹೋಯಿತೋ ಗೊತ್ತಾಗಲೇ ಇಲ್ಲ. ದಿನಾ ಎರಡು ಗಂಟೆ ನಡೆಯುತ್ತೇನೆ, ಹೊಟ್ಟೆ ತುಂಬ ಉಣ್ಣುತ್ತೇನೆ, ಯಾರ ಮೇಲೂ ರೇಗುವುದಿಲ್ಲ. ನಾನು ಹನ್ನೆರಡು ದಿನ ರೇಗದೆ ಇದ್ದೆ ಎಂದರೆ ನೀನು ನಂಬುವ ಪೈಕಿಯಲ್ಲ, ಆದರೂ ನಿಜ. ನನಗೆ ಗುಣವಾಗುತ್ತಿದೆ ಅಣ್ಣ. ನನಗೆ ತಡೆಯಲಾಗದೆ ಇರುವುದು ಅದೇ.

ನಮ್ಮ ರಫು ಅಂಗಡಿಯಲ್ಲಿ ರಜೆ ಎನ್ನುವುದು ಯಾವತ್ತೂ ಬೇರೆಯವರದು. ಕೋರ್ಟಿಗೆ ಬೇಸಿಗೆ ರಜೆ ಬಂತೆಂದರೆ ವಕೀಲರೆಲ್ಲ ವರ್ಷವಿಡೀ ತೊಟ್ಟು ಸವೆಸಿದ ಕರಿ ಕೋಟುಗಳನ್ನು ನಮ್ಮ ಮೇಜಿನ ಮೇಲೆ ಎಸೆದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತಲು ಹೊರಡುತ್ತಿದ್ದರು. ಹುಳ ತಿಂದ ಕೋಟು, ಕುರ್ಚಿಯ ಮೊಳೆಗೆ ಸಿಕ್ಕಿ ಹರಿದ ಕೋಟು, ಸಿಗರೇಟಿನ ಕಿಡಿ ಬಿದ್ದ ಕೋಟು. ರಸೀದಿ ಬರೆಯುವುದು, ಇಸ್ತ್ರಿ ಮಾಡುವುದು, ಗಿರಾಕಿಗಳೆದುರು ಹಲ್ಲು ಕಿರಿಯುವುದು ನನ್ನ ಪಾಲು. ಸೂಜಿ ನಿನ್ನದು. ಕೋಟಿನ ಒಳಮಡಿಕೆಯಿಂದ ಒಂದೊಂದೇ ಎಳೆ ಕಿತ್ತು, ತೂತಿನ ಮೇಲೆ ಅಡ್ಡ ಉದ್ದ ನೇಯ್ದು, ಅಲ್ಲಿ ಹರಿದಿತ್ತು ಎಂಬ ಗುರುತೇ ಉಳಿಯದಂತೆ ಮಾಡುತ್ತಿದ್ದೆ. ಕರಿ ಬಟ್ಟೆ, ಕರಿ ನೂಲು, ಕಣ್ಣಿನಿಂದ ಒಂದು ಗೇಣು ದೂರ. ಇಪ್ಪತ್ತಾರು ವರ್ಷ ಆ ಗೇಣಿನ ಆಚೆಗೆ ನೀನು ಏನನ್ನೂ ನೋಡಲಿಲ್ಲ. ರಜೆ ಮುಗಿಸಿ ಬಂದ ವಕೀಲರು ತಾವು ಹತ್ತಿದ ಬೆಟ್ಟಗಳ ಕಥೆ ಹೇಳುತ್ತಿದ್ದರೆ, ನೀನು ತಲೆಯೆತ್ತದೆ "ಹೌದಾ ಸಾರ್" ಎನ್ನುತ್ತಿದ್ದೆ.

ಎರಡು ವರ್ಷದ ಹಿಂದೆ ಕೋರ್ಟಿನ ರಜೆಗೆ ನಾಲ್ಕು ದಿನವಿದ್ದಾಗ, ಕಣ್ಣು ಮಂಜಾಗುತ್ತಿದೆ ಎಂದು ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆನಲ್ಲ. ನಿನ್ನ ಕಣ್ಣಿಗೆ ಹನಿ ಹಾಕಿ ಒಳಗಿನ ಬೆಂಚಿನ ಮೇಲೆ ಕೂರಿಸಿದ್ದರು. ಡಾಕ್ಟರಮ್ಮ ನನ್ನೊಬ್ಬನನ್ನು ಹೊರಗೆ ಕರೆದರು. "ಬಿ.ಪಿ. ಇಷ್ಟಿದ್ರೆ ಕಣ್ಣಿಗೆ ಮಾತ್ರ ಅಲ್ಲ, ತಲೆಗೂ ಅಪಾಯ. ಮಾತ್ರೆ ಬರೆದಿದ್ದೀನಿ, ಆದ್ರೆ ಮಾತ್ರೆ ಒಂದರಿಂದ್ಲೇ ಆಗಲ್ಲ. ಈ ಮನುಷ್ಯ ಎಷ್ಟು ವರ್ಷದಿಂದ ರೆಸ್ಟ್ ತಗೊಂಡಿಲ್ವೋ ಏನೋ. ಒಂದು ತಿಂಗಳು ಸೂಜಿ ಮುಟ್ಟಿಸ್ಬೇಡಿ. ಈ ಊರಲ್ಲೇ ಇದ್ರೆ ಅಂಗಡಿಗೆ ಹೋಗೇ ಹೋಗ್ತಾರೆ, ಎಲ್ಲಾದ್ರೂ ಹೊರಗಡೆ ಕರ್ಕೊಂಡ್ ಹೋಗಿ. ನಡೀಲಿ, ನಿದ್ದೆ ಮಾಡ್ಲಿ, ಸ್ವಲ್ಪ ದೂರ ನೋಡ್ಲಿ" ಎಂದರು. ನಾನು ತಲೆಯಾಡಿಸಿದೆ. ಆದರೆ ತಲೆಯೊಳಗೆ ಇದ್ದದ್ದು ಆಗಲೇ ಅಂಗಡಿಗೆ ಬಂದು ಬಿದ್ದಿದ್ದ ಕೋಟುಗಳು, ಇನ್ನೂ ಬರಲಿದ್ದ ಕೋಟುಗಳು. ನೀನಿಲ್ಲದೆ ಅವುಗಳಲ್ಲಿ ಒಂದನ್ನೂ ಮುಟ್ಟುವ ಯೋಗ್ಯತೆ ನನಗಿರಲಿಲ್ಲ.

ನೀನು ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದು "ಏನಂದ್ರೋ?" ಎಂದು ಕೇಳಿದೆ. "ಮಾತ್ರೆ ಬರೆದಿದಾರೆ. ದಿನಾ ಸ್ವಲ್ಪ ಹೊತ್ತು ದೂರ ನೋಡ್ಬೇಕಂತೆ ಅಣ್ಣ, ಅಷ್ಟೇ" ಎಂದು ನಾನು ಹೇಳಿದೆ.

ಇದೇ ಆ ಮಾತು. ಡಾಕ್ಟರಮ್ಮ ಹೇಳಿದ್ದರಲ್ಲಿ ನಮ್ಮ ಅಂಗಡಿಗೆ ತೊಂದರೆಯಾಗದ ಒಂದು ತುಂಡನ್ನು ಮಾತ್ರ ಆರಿಸಿ ನಿನ್ನ ಕೈಗೆ ಕೊಟ್ಟೆ.

ನಮ್ಮ ಕಿಟಕಿಯಿಂದ ದೂರ ಎಲ್ಲಿ ಕಾಣಬೇಕು? ಕೈ ಚಾಚಿದರೆ ಎದುರು ಕಟ್ಟಡದ ಗೋಡೆ. ಮರುದಿನ ಫೋಟೋ ಫ್ರೇಮಿನ ಅಂಗಡಿಯಿಂದ ಸಮುದ್ರದ ದೊಡ್ಡ ಚಿತ್ರವೊಂದನ್ನು ತಂದು ನಿನ್ನೆದುರಿನ ಗೋಡೆಗೆ ತೂಗುಹಾಕಿದೆ. ಎಂಟು ಅಡಿ ದೂರದ ಸಮುದ್ರ! ನೀನು ಅದನ್ನೂ ನಂಬಿದೆ. ಮಧ್ಯಾಹ್ನ ಊಟವಾದ ಮೇಲೆ ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು, ಶಾಲೆಯ ಹುಡುಗನಂತೆ ಕೈಕಟ್ಟಿ ಹತ್ತು ನಿಮಿಷ ಅದನ್ನೇ ನೋಡುತ್ತ ಕೂರುತ್ತಿದ್ದೆ. "ಹಾಯ್ ಅನ್ಸುತ್ತೆ ಕಣೋ. ಡಾಕ್ಟರಮ್ಮ ಬುದ್ಧಿವಂತೆ" ಎನ್ನುತ್ತಿದ್ದೆ. ಕಣ್ಣು ಹೇಗಿದೆ ಎಂದು ಪರೀಕ್ಷಿಸಿಕೊಳ್ಳಲು ಚಿತ್ರದ ದೋಣಿಯಲ್ಲಿದ್ದ ನಾಲ್ಕು ಜನರನ್ನು ದಿನಾ ಎಣಿಸುತ್ತಿದ್ದೆ. ಮೂರನೇ ವಾರ ಒಂದು ಮಧ್ಯಾಹ್ನ "ಇವತ್ತು ಮೂರೇ ಜನ ಕಾಣ್ತಿದಾರಲ್ಲೋ" ಎಂದು ನೀನು ಹೇಳಿದಾಗ, ನಾನು ಇಸ್ತ್ರಿ ಪೆಟ್ಟಿಗೆಯಿಂದ ಕೈ ತೆಗೆಯದೆ "ಒಬ್ಬನಿಗೆ ರಜೆ ಸಿಕ್ಕಿರ್ಬೇಕು ಬಿಡು" ಎಂದೆ. ಇಬ್ಬರೂ ಎಷ್ಟು ನಕ್ಕೆವು! ನನ್ನ ನಾಲಿಗೆ ಅವತ್ತೇ ಸೇದಿಹೋಗಬೇಕಿತ್ತು.

ಅದಾಗಿ ಆರನೇ ದಿನ, ಕೋಟೊಂದು ತೊಡೆಯ ಮೇಲಿರುವಾಗಲೇ ನೀನು ಸ್ಟೂಲಿನಿಂದ ಜಾರಿ ಬಿದ್ದೆ. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಕೈಕಾಲು ಉಳಿದವು, ಮಾತು ಉಳಿಯಿತು. ಎರಡೂ ಕಣ್ಣಿನ ದೃಷ್ಟಿ ಹೋಯಿತು.

ಆಮೇಲೆ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹುಡುಕಿಕೊಂಡೆವು. ನಿನ್ನದು ಹಣೆಬರಹ. ಅತ್ತಿಗೆಯದು ಉಪ್ಪು. "ನಾನೇ ಅಡುಗೆಗೆ ಕೈತುಂಬ ಉಪ್ಪು ಹಾಕಿ ಹಾಕಿ ಇವರ ಬಿ.ಪಿ. ಏರಿಸ್ದೆ" ಎಂದು ಆಸ್ಪತ್ರೆಯ ವರಾಂಡದಲ್ಲಿ ಹಣೆ ಚಚ್ಚಿಕೊಂಡು ಅತ್ತರು. ಅಂದಿನಿಂದ ಅವರು ತಮ್ಮ ತಟ್ಟೆಗೆ ಒಂದು ಹರಳು ಉಪ್ಪು ಹಾಕಿಕೊಂಡಿಲ್ಲ. ನಿನಗೆ ಇದು ಗೊತ್ತಿಲ್ಲ. ನನಗೆ ಗೊತ್ತು. ಎರಡು ವರ್ಷ ಅವರೆದುರೇ ಕೂತು, ಆ ಸಪ್ಪೆ ಊಟವನ್ನು ನೋಡುತ್ತ, ನನ್ನ ತಟ್ಟೆಯನ್ನು ನಾನು ಖಾಲಿ ಮಾಡಿದ್ದೇನೆ.

ನನಗೂ ಒಂದು ಸಮಾಧಾನವಿತ್ತು. ಕರೆದುಕೊಂಡು ಹೋಗಿದ್ದರೂ ಆಗುವುದು ಆಗುತ್ತಿತ್ತು, ನಾಲ್ಕು ದಿನ ತಿರುಗಾಡಿ ಬಂದರೆ ಕಾಯಿಲೆ ಹೋಗುತ್ತದೆಯೇ, ಡಾಕ್ಟರುಗಳು ಎಲ್ಲರಿಗೂ ಹೀಗೆಯೇ ಹೇಳುತ್ತಾರೆ ಎಂದುಕೊಂಡು ದಿನ ದೂಡಿದೆ. ಒದ್ದಾಡಿ ಕಲಿತ ಮೇಲೆ ನಿನ್ನ ಸೂಜಿ ನನ್ನ ಕೈಗೆ ಬಂತು, ನಿನ್ನ ಕಾಯಿಲೆಯೂ ಬಂತು. ಹೋದ ತಿಂಗಳು ಅದೇ ಡಾಕ್ಟರಮ್ಮ ಅದೇ ಮಾತುಗಳನ್ನು ನನಗೆ ಹೇಳಿದಾಗ ನೀನು ಪಕ್ಕದಲ್ಲೇ ಕೂತಿದ್ದೆ. ಎಲ್ಲ ಗೊತ್ತಾಗಿಹೋಯಿತು ಎಂದುಕೊಂಡೆ. ಹೊರಗೆ ಬಂದ ಮೇಲೆ ನೀನು ನನ್ನ ತೋಳನ್ನು ಬಿಗಿಯಾಗಿ ಹಿಡಿದುಕೊಂಡು "ನಂಗೆ ಬರೀ ದೂರ ನೋಡು ಅಂದಿದ್ರು. ನಿಂಗೆ ಊರೇ ಬಿಡು ಅಂತಾರೆ ಅಂದ್ರೆ, ನಿಂಗೆ ನನಗಿಂತ ಜಾಸ್ತಿ ಆಗಿದೆ ಕಣೋ. ನಾಳೆನೇ ಹೊರಡು, ಅಂಗಡಿ ಹಾಳಾಗಿ ಹೋಗ್ಲಿ" ಎಂದು ಹೇಳಿದೆ. ನಿನ್ನ ದನಿ ನಡುಗುತ್ತಿತ್ತು. ನನ್ನ ಜೀವಕ್ಕೆ ಹೆದರಿ ನಡುಗುತ್ತಿತ್ತು. ಆಗಲಾದರೂ ಬಾಯಿಬಿಡಬೇಕಿತ್ತು, ಬಿಡಲಿಲ್ಲ.

ಇಲ್ಲಿ ಬಿ.ಪಿ. ಯಂತ್ರದ ಅಂಕಿ ದಿನದಿಂದ ದಿನಕ್ಕೆ ಇಳಿದಂತೆಲ್ಲ ನನ್ನ ಸಮಾಧಾನವೂ ಕರಗಿತು. ನಿನಗೂ ಇಳಿಯುತ್ತಿತ್ತು. ಇಳಿಯದೆಯೂ ಇರಬಹುದಿತ್ತು ಎಂದು ಇನ್ನೂ ಒಳಗಿನಿಂದ ಯಾರೋ ಒಬ್ಬ ಹೇಳುತ್ತಾನೆ, ಆದರೆ ಅವನ ಮಾತನ್ನು ನಾನೀಗ ಕೇಳುವುದಿಲ್ಲ. ಒಂದು ತಿಂಗಳ ಬಿಡುವು ನಿನ್ನ ಪ್ರಾಣಕ್ಕೆ ಸೇರಿದ್ದಾಗಿತ್ತು. ಅದನ್ನು ನಾನು ನಲವತ್ತು ವಕೀಲರ ಮೈಗೆ ತೊಡಿಸಿದೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಆ ಕ್ಷಣವೇ ಕ್ಷಮಿಸಿಬಿಡುತ್ತೀಯ, ಅದಕ್ಕೇ ಕೇಳುವುದಿಲ್ಲ. ಭಾನುವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಮನೆಗೆ ಬಾ ಎಂದು ಹೇಳಿ ಕಳಿಸುವವರೆಗೆ ಅಂಗಡಿಯಲ್ಲೇ ಇರುತ್ತೇನೆ. ನೂರು ಕಾಲ ಇರಬೇಕು ನೀನು, ನನ್ನನ್ನು ಬೈಯುವುದಕ್ಕಾದರೂ.

ನಿನ್ನ ತಮ್ಮ

ಮಗಳೇ, ಅಪ್ಪನಿಗೆ ಇದನ್ನು ಓದಿ ಹೇಳುತ್ತಿರುವ ನಿನಗೊಂದು ಮಾತು. ನಡುವೆ ಎಲ್ಲೋ ನಿನ್ನ ದನಿ ನಿಂತಿರುತ್ತದೆ. ಅಪ್ಪ "ಯಾಕಮ್ಮ, ಮುಂದೆ ಓದು" ಎಂದಿರುತ್ತಾನೆ. ಅವನ ಮುಖ ನೋಡಿ ಸಂಕಟವಾಗಿ ನೀನು ಏನಾದರೂ ಬಿಟ್ಟು ಓದಿದ್ದರೆ, ಅಮ್ಮನನ್ನೂ ಕರೆದು ಕೂರಿಸಿಕೊಂಡು ಮತ್ತೆ ಮೊದಲಿನಿಂದ ಓದು. ನಮ್ಮ ಮನೆಯಲ್ಲಿ ಒಬ್ಬ ಕಡಿಮೆ ಮಾಡಿ ಹೇಳಿದ್ದು ಸಾಕು. ನಿನಗೆ ಒಳ್ಳೆಯದಾಗಲಿ.