ಪುಂಟಿಯ ಪದ್ಯ

ಚುಂಚುಡಾ
ಅಗ್ರಹಾಯಣ ಮಾಸ (ನಿನ್ನ ಭಾವನ ಲೆಕ್ಕಕ್ಕೆ ನವೆಂಬರ್ ೧೮೭೮)

ಪ್ರೀತಿಯ ಮೋಕ್ಷದಾ,

ಅಕ್ಕನ ಆಶೀರ್ವಾದಗಳು. ದುರ್ಗಾಪೂಜೆಗೆ ಮುಂಚೆ ನೀನು ಬರೆದದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಬರೆಯಬೇಕೆಂದು ಕೂತಿದ್ದೆ, ಒಂದಲ್ಲ ಹತ್ತು ಸಲ. ಕೂತು ಎದ್ದು ಹೋಗುತ್ತಿದ್ದೆ. ಕೆಲಸವೇನೂ ಹೆಚ್ಚಿರಲಿಲ್ಲ. ನಿನಗಾದರೂ ಸುಳ್ಳು ಯಾಕೆ ಹೇಳಲಿ?

ನಾವೆಲ್ಲ ಕ್ಷೇಮ. ಅತ್ತೆಯ ಕಣ್ಣಿಗೆ ಪೊರೆ ಬಂದಿದೆ, ಆದರೂ ಸಾರಿಗೆ ನಾನು ಉಪ್ಪು ಹಾಕಿದ್ದು ಮಾತ್ರ ದೂರದಿಂದಲೇ ಕಾಣುತ್ತದೆ. ಖರ್ಜೂರದ ಹೊಸ ಬೆಲ್ಲ ಬಂದಿದೆ. ಹಿತ್ತಲಲ್ಲಿ ಪಾರಿಜಾತ ಉದುರುತ್ತದೆ, ಗುಡಿಸುತ್ತೇನೆ. ನೀನು ಕೇಳಿದ್ದೀಯಲ್ಲ, "ಅಕ್ಕಾ, ಈಗಲಾದರೂ ಒಂದು ಸಲ ಅತ್ತುಬಿಟ್ಟೆಯಾ?" ಅಂತ. ಇಲ್ಲ. ನನ್ನ ಮಗು ಪುಂಟಿ ತೀರಿಕೊಂಡಾಗ ನೀನೇ ಬಂದು ತಿಂಗಳು ನನ್ನ ಹತ್ತಿರ ಇದ್ದು ನೋಡಿದ್ದೀಯ. ಈಗಲೂ ಹಾಗೇ ಇದ್ದೇನೆ.

ಸುದ್ದಿ ಏನೆಂದರೆ ನಿನ್ನ ಭಾವನ ಪದ್ಯ ಲಂಡನ್ನಿನಲ್ಲಿ ಅಚ್ಚಾಗಿ ಬಂದಿದೆ. ಕಾಲೇಜಿನ ಹಾರ್ಕೋರ್ಟ್ ಸಾಹೇಬರು ಗೊತ್ತಲ್ಲ, ಭಾವನ ಮೇಲಿನವರು, ತಾವೂ ಪದ್ಯ ಕಟ್ಟುವವರು. ಇಲ್ಲಿ ಇಂಗ್ಲಿಷಿನಲ್ಲಿ ಬರೆಯುವವರದನ್ನೆಲ್ಲ ಕೂಡಿಸಿ ಅವರು ಒಂದು ಪುಸ್ತಕ ಮಾಡಿದ್ದಾರೆ, ಅರ್ಧ ಸಾಹೇಬರುಗಳದು, ಅರ್ಧ ನಮ್ಮ ಬಾಬುಗಳದು. ಪುಸ್ತಕ ಬಂದ ದಿನ ಅವರೇ ಗಾಡಿ ಕಟ್ಟಿಸಿಕೊಂಡು ನಮ್ಮ ಮನೆಗೆ ಬಂದುಬಿಟ್ಟರು. ಅತ್ತೆಗೆ ದಿಕ್ಕೇ ತೋಚಲಿಲ್ಲ. "ಆ ಮ್ಲೇಚ್ಛನನ್ನ ಎಲ್ಲಿ ಕೂರಿಸ್ತೀರೋ? ದೇವರ ಕೋಣೆ ಬಾಗಿಲು ಹಾಕ್ರೇ ಮೊದಲು!" ಎಂದು ಕೂಗಾಡಿ, ಅವರು ಹೋದದ್ದೇ ತಡ, ಕುರ್ಚಿಗೆ ಗಂಗಾಜಲ ಚಿಮುಕಿಸಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಸಾಹೇಬರು ಭಾವನ ಎರಡೂ ಕೈ ಹಿಡಿದುಕೊಂಡು, "ಶಶಿ ಬಾಬು, ನಿಮ್ಮ ಮಗುವಿಗಾಗಿ ಲಂಡನ್ನಿನಲ್ಲಿ ಹೆಂಗಸರು ಅತ್ತಿದ್ದಾರೆ" ಎಂದರಂತೆ. ಭಾವ ಒಳಗೆ ಬಂದು ಹೇಳಿದರು. ನಾನು "ಒಳ್ಳೇದಾಯ್ತು" ಅಂದೆ.

ಹೌದು, ಅದು ನಮ್ಮ ಪುಂಟಿಯ ಮೇಲಿನ ಪದ್ಯ.

ಪುಸ್ತಕ ಎರಡು ವಾರ ಮನೆಯಲ್ಲೇ ಇತ್ತು. ನನಗೆ ಬರುವುದು ಬಂಗಾಳಿ ಅಕ್ಷರ ಮಾತ್ರ. ತೆರೆದರೆ ಇರುವೆ ಸಾಲಿಟ್ಟ ಹಾಗೆ ಕಾಣುತ್ತಿತ್ತು. ಕೊನೆಗೆ ಸಾಹೇಬರ ತಂಗಿ ಮಿಸ್ ಹಾರ್ಕೋರ್ಟ್ ಬುಧವಾರ ಹೊಲಿಗೆ ಹೇಳಿಕೊಡಲು ಬಂದಾಗ ಅವರ ಮುಂದಿಟ್ಟು, "ಇದನ್ನ ನನಗೆ ಹೇಳಿ" ಎಂದೆ. ಪಾಪ, ಒಳ್ಳೆಯ ಹೆಂಗಸು. ಮೊದಲು ಅಣ್ಣನ ಪದ್ಯಗಳ ಕಡೆ ಬೆರಳು ತೋರಿಸಿ ನಕ್ಕರು. "ನಮ್ಮಣ್ಣ ಇಲ್ಲಿದ್ರೆ ನಮ್ಮೂರಿನ ಮಂಜು, ಕುರಿ ಅಂತ ಬರೀತಾನೆ. ರಜೆಗೆ ಊರಿಗೆ ಹೋದ್ರೆ ಗಂಗೆ, ಗಂಗೆ ಅಂತ ಬರೀತಾನೆ. ಎಲ್ಲಿದ್ರೂ ಅವನಿಗೆ ಅಲ್ಲಿಲ್ಲದ್ದೇ ಬೇಕು." ಆಮೇಲೆ ನಮ್ಮ ಪುಟ ತೆಗೆದರು.

"ದೀದಿ, ಇಲ್ಲಿ ಇದೆ, 'ಓ ನನ್ನ ಲೀಲಾ' ಅಂತ."

"ಲೀಲಾ ಯಾರು?"

"ನಿಮ್ಮ ಮಗು."

"ನನ್ನ ಮಗು ಸುರಧುನಿ. ಮನೇಲಿ ಪುಂಟಿ ಅಂತೀವಿ."

ಅವರ ಮುಖ ಕೆಂಪಾಯಿತು. "ಅದು... ಅಣ್ಣ ಹೇಳಿದ್ದು. ಸುರಧುನಿ ಅಂದ್ರೆ ಲಂಡನ್ ಜನರ ನಾಲಿಗೆ ಹೊರಳೋದಿಲ್ಲ. ಪದ್ಯದ ನಡಿಗೆಗೂ ಕೂಡೋದಿಲ್ಲವಂತೆ."

"ಸರಿ, ಮುಂದೆ ಹೇಳಿ."

ಮುಂದೆ, ತಮ್ಮ ಅರೆಬರೆ ಬಂಗಾಳಿಯಲ್ಲಿ, ಮಗು ಹೂವಿನ ಹಾಗೆ ಬಾಡಿತು ಅನ್ನುವುದಕ್ಕೆ "ಮಗು ಒಣಗಿತು" ಅಂದರು, ಒಣಮೀನಿಗೆ ಹೇಳುವ ಹಾಗೆ. ಬೇರೆ ದಿನವಾಗಿದ್ದರೆ ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಅವಳ ನೀಳ ಕೂದಲಲ್ಲಿ ತಂದೆ ತಾವರೆ ಮುಡಿಸಿದ ಅಂತ ಇದೆ ಎಂದರು.

"ಕೂದಲೆಲ್ಲಿತ್ತು ಮಿಸ್ ಬಾಬಾ? ಜ್ವರ ತಲೆಗೇರಿದೆ ಅಂತ ವೈದ್ಯರು ಬೋಳಿಸಿದ್ರು. ಅವಳೇ ತಲೆ ಸವರಿಕೊಂಡು, 'ಅಮ್ಮಾ, ನಾನೀಗ ಪುರೋಹಿತರ ಥರ ಇದ್ದೀನಾ?' ಅಂದಿದ್ಲು."

ಮಿಸ್ ಪುಸ್ತಕ ಮುಚ್ಚಿದರು. ನಾನು ಬಿಡಲಿಲ್ಲ, ಕೊನೆಯ ಸಾಲಿನವರೆಗೂ ಹೇಳಿಸಿಕೊಂಡೆ. ಹೇಳುತ್ತಾ ಹೇಳುತ್ತಾ ಅವರು ಅತ್ತರು. ನಾನು ಒಳಗಿಂದ ತೆಂಗಿನಕಾಯಿ ಉಂಡೆ ತಂದುಕೊಟ್ಟೆ. ಅಳುತ್ತಲೇ ತಿಂದರು.

ಅವತ್ತು ಊಟಕ್ಕೆ ಬಡಿಸುವಾಗ ಭಾವನನ್ನು ಕೇಳಿದೆ, "ಹೆಸರು ಯಾಕೆ ತೆಗೆದ್ರಿ?"

"ಸಾಹೇಬರು ಹೇಳಿದ್ರು. ಅದರಲ್ಲೇನಿದೆ? ಅವಳು ಯಾರು ಅಂತ ನಮಗೆ ಗೊತ್ತಲ್ಲ."

"ಹಾಗಿದ್ರೆ ಬಂಗಾಳಿಯಲ್ಲಿ ಒಂದು ಬರೀರಿ. ನನಗೋಸ್ಕರ. ನಾಲ್ಕು ಸಾಲು ಸಾಕು."

ಅವರು ಅನ್ನ ಕಲಸುವ ಕೈ ನಿಲ್ಲಿಸಿದರು. "ಆಗೋಲ್ಲ ಕಣೇ. ಬಂಗಾಳಿಯಲ್ಲಿ ಪುಂಟಿ ಅಂತ ಬರೆದೆ ಅಂದ್ರೆ ಮುಂದಕ್ಕೆ ಕೈ ಓಡೋಲ್ಲ. ಇಂಗ್ಲಿಷಿನಲ್ಲಿ ಅವಳು ಬೇರೆ ಯಾರದೋ ಮಗು. ಅದಕ್ಕೇ ಬರೆಯೋಕಾಯ್ತು."

ನನಗೆ ಕೋಪ ಬರಬೇಕಿತ್ತು, ಮೋಕ್ಷಿ. ಬರಲಿಲ್ಲ. ಅವರ ಮಾತು ನಿಜ ಅನ್ನಿಸಿತು. ಇನ್ನೊಂದು ತುಂಡು ಮೀನು ಬಡಿಸಿದೆ. ಅವರು ತಿಂದರು.

ಶನಿವಾರ ಕಾಲೇಜಿನಲ್ಲಿ ಭಾವನಿಗೆ ಸನ್ಮಾನ. ಹೆಂಗಸರಿಗೆಂದು ಬಿದಿರಿನ ಪರದೆ ಕಟ್ಟಿದ್ದರು. ಭಾವ ಹೊಸ ಶಾಲು ಹೊದ್ದು ನಿಂತು ಪದ್ಯ ಓದಿದರು. ದನಿ ಎಲ್ಲೂ ನಡುಗಲಿಲ್ಲ. ಸಾಹೇಬರುಗಳು ಟೋಪಿ ತೆಗೆದು ಕೂತಿದ್ದರು. ಪರದೆಯ ಈಚೆ ನಮ್ಮವರಿಗೆ ಒಂದಕ್ಷರ ತಿಳಿಯದು. ವಕೀಲರ ಹೆಂಡತಿ ನನ್ನ ತೋಳು ಚಿವುಟಿ, "ಏನಂತಮ್ಮಾ? ನಿನ್ನ ಗಂಡ ಬರೆದದ್ದು, ನಿನಗೆ ಗೊತ್ತಿರಲೇಬೇಕು, ಹೇಳೇ" ಅಂದಳು. ಹೇಳಿದೆ. ಲೀಲಾ ಎಂದೇ ಹೇಳಿದೆ. ನೀಳ ಕೂದಲು, ತಾವರೆ, ಎಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿರಬೇಕು, ಸುತ್ತ ಕೂತವರು ಸೆರಗಿನಿಂದ ಕಣ್ಣೊರೆಸಿಕೊಂಡರು. ವಕೀಲರ ಹೆಂಡತಿ ನನ್ನನ್ನು ತಬ್ಬಿಕೊಂಡು, "ಎಂಥಾ ಪುಣ್ಯವಂತೆ ನೀನು! ಇಂಥ ತಂದೆ ಯಾವ ಮಗುವಿಗೆ ಸಿಕ್ತಾನೆ?" ಎಂದಳು. ನನ್ನ ಕಣ್ಣು ಒಣಗಿಯೇ ಇತ್ತು. ಎಲ್ಲಿಯೋ ಯಾರದೋ ಮನೆಯ ಕಥೆ ಹೇಳಿ ಮುಗಿಸಿದ ಹಾಗಿತ್ತು. ಮನೆಗೆ ಬಂದು ಮರುದಿನಕ್ಕೆ ಬೇಳೆ ನೆನೆಹಾಕಿದೆ.

ಇಷ್ಟೇ ನಮ್ಮ ಸಮಾಚಾರ. ನಿನ್ನ ಕೂಸಿಗೆ ಹಲ್ಲು ಬಂತೇ? ಚಳಿಗೆ ಎದೆಗೆ ಸಾಸಿವೆ ಎಣ್ಣೆ ಬಿಸಿ ಮಾಡಿ ಹಚ್ಚು. ಆ ಕಡೆ ಬರುವವರು ಸಿಕ್ಕರೆ ಬೆಲ್ಲ ಕಳಿಸುತ್ತೇನೆ. ನಿನ್ನ ಮುತ್ತೈದೆತನ ನೂರು ವರ್ಷ ಇರಲಿ, ಕೂಸು ನಿನ್ನ ಮಡಿಲಲ್ಲೇ ಸೊಂಪಾಗಿ ಬೆಳೆಯಲಿ, ತಾಯಿ ದುರ್ಗೆ ನಿನ್ನ ಹೊಸ್ತಿಲು ಕಾಯಲಿ.

ನಿನ್ನ ಅಕ್ಕ
ನಿಸ್ತಾರಿಣಿ

ಮಡಿಸುವ ಮುನ್ನ ಇಷ್ಟು: ಪದ್ಯದ ಕೊನೆಯಲ್ಲಿ ಏನಿದೆ ಅಂತ ಮೇಲೆ ಬರೆಯಲಿಲ್ಲ. ತಂದೆ ಇರುಳೆಲ್ಲ ಮಗುವಿನ ಕೈ ಹಿಡಿದು ಕೂತಿರುತ್ತಾನೆ. ತಾಯಿ ದಣಿದು ಮೂಲೆಯಲ್ಲಿ ನಿದ್ದೆ ಹೋಗಿರುತ್ತಾಳೆ. ಬೆಳಕು ಹರಿಯುವಾಗ ಮಗು "ಅಪ್ಪಾ" ಎಂದು ಕಣ್ಣು ಮುಚ್ಚುತ್ತದೆ. ಪುಂಟಿ ಹೋದದ್ದು ದೀಪ ಹಚ್ಚುವ ಹೊತ್ತಿಗೆ. ನಿನ್ನ ಭಾವ ಆಗ ಸಾಹೇಬರ ಜಗುಲಿಯಲ್ಲಿ ಪದ್ಯ ಓದುತ್ತಿದ್ದರು. ಎರಡು ಸಲ ಆಳು ಕಳಿಸಿದ್ದೆ. ನಾನು ನಿದ್ದೆ ಮಾಡಿರಲಿಲ್ಲ, ಮೋಕ್ಷಿ. ಅವರು ಬೇಕೆಂದು ಸುಳ್ಳು ಹೇಳುತ್ತಿಲ್ಲ. ಮೊನ್ನೆ ಅತ್ತೆಗೂ "ನನ್ನ ಕೈಯಲ್ಲೇ ಅವಳ ಕೈ ಇತ್ತಮ್ಮಾ" ಎಂದರು, ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಈಗ ನನಗೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಅವರು ಕೂತಿದ್ದಾರೆ, ನಾನು ಮೂಲೆಯಲ್ಲಿ ಮಲಗಿದ್ದೇನೆ. ಅವಳು ಕೊನೆಗೆ ನನ್ನನ್ನು ಏನೋ ಕೇಳಿದಳು. ಏನು ಕೇಳಿದಳು ಅಂತ ಹೋದ ವಾರದಿಂದ ನೆನಪಿಗೆ ಬರುತ್ತಿಲ್ಲ. ನೀನು ಬಂದ ದಿನ ನಿನ್ನ ಹತ್ತಿರ ಹೇಳಿದ್ದೆ. ನಿನಗೆ ನೆನಪಿದ್ದರೆ ಬರೆದು ಕಳಿಸು, ಅವಳು ಹೇಳಿದ ಹಾಗೇ, ನಮ್ಮ ಮಾತಿನಲ್ಲಿ.