ಹತ್ತು ಸೆಕೆಂಡಿನ ಲೋಡ್

ಮಾರ್ಚ್ 4, ಬೆಳಿಗ್ಗೆ 9.10

ಎಂಟು ಬ್ಯಾಟರಿ ಮೆಷಿನ್ನಿಗೆ ಹಾಕಿ ಕೂತಿದ್ದೇನೆ. ಎಲ್ಲ ಹಳೇ ಫೋನಿನವು. ಪೂರ್ತಿ ತುಂಬಿಸು, ಪೂರ್ತಿ ಖಾಲಿ ಮಾಡು, ಎಷ್ಟು ಹಿಡಿಯಿತು ನೋಡು — ಒಂದು ಸುತ್ತಿಗೆ ಐದು ಗಂಟೆ. ದಿನಕ್ಕೆ ಎರಡೇ ಸುತ್ತು, ಹದಿನಾರು ಬ್ಯಾಟರಿ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸುಗಳಿಗೆ ನಾವು ಸರಿಮಾಡಿ ಕೊಡಬೇಕಾದ ಫೋನು ನಾನೂರು. ಇರುವುದು ಹತ್ತು ದಿನ. ಲೆಕ್ಕ ಹಾಕಿದೆ. ಪೆನ್ನು ಕೆಳಗಿಟ್ಟೆ.

ಸಂಜೆ

ನರ್ಸುಗಳ ಮೇಲ್ವಿಚಾರಕಿ ಬಂದಿದ್ದರು. ಹೋದ ಸಲ ಬೇರೆ ಯಾರೋ ಕೊಟ್ಟ ಫೋನು ಮಧ್ಯಾಹ್ನಕ್ಕೇ ಸತ್ತಿತಂತೆ. ಎದುರಿಗೆ ಏದುಸಿರು ಬಿಡುತ್ತಿರುವ ರೋಗಿ. ಡಾಕ್ಟರಿಗೆ ಹೇಳಲು ನರ್ಸು ಪಕ್ಕದ ಮನೆಗಳ ಬಾಗಿಲು ಬಡಿದಳಂತೆ. ರೋಗಿ ಉಳಿದರು, ಸದ್ಯ. ಹೊರಡುವಾಗ ಆಕೆ ಅಂದದ್ದು ಒಂದೇ ಮಾತು: "ಈ ಸಲ ಬಾಗಿಲು ಬಡಿಯೋ ಹಾಗೆ ಮಾಡ್ಬೇಡಿ."

ಮಾರ್ಚ್ 5

ಲಿಫ್ಟ್ ಕೆಟ್ಟಿದೆ. ಅತ್ತೆ ಮೂರು ಮಹಡಿ ಹತ್ತಿ ಬಂದು ಕುರ್ಚಿಯಲ್ಲಿ ಕುಸಿದರು. ಗಾಬರಿಯಾಗಿ ನೀರು ತರುವಷ್ಟರಲ್ಲಿ ಎದ್ದು ಟಿವಿ ಹಾಕಿಯಾಗಿತ್ತು.

"ಸುಸ್ತು ಯಾರಿಗೆ ಆಗಲ್ಲ? ಎಷ್ಟು ಬೇಗ ಇಳಿಯುತ್ತೆ ನೋಡ್ಕೋ. ನಾನಿನ್ನೂ ಗಟ್ಟಿ ಇದೀನಿ."

ಪಾತ್ರೆ ತೊಳೆಯುವಾಗಲೂ ಅದೇ ಮಾತು ತಲೆಯಲ್ಲಿ. ಬ್ಯಾಟರಿಗೂ ಹೀಗೇ ಮಾಡಿದರೆ? ಹತ್ತು ಸೆಕೆಂಡು ಜೋರಾಗಿ ಲೋಡ್ ಹಾಕುವುದು, ಅಂದರೆ ಒಮ್ಮೆಲೇ ಹೆಚ್ಚು ಕರೆಂಟು ಎಳೆಯುವುದು. ವೋಲ್ಟೇಜ್ ಎಷ್ಟು ಕುಸಿಯಿತು ನೋಡುವುದು. ಲೋಡ್ ತೆಗೆದು, ಎಷ್ಟು ಬೇಗ ಮೇಲೆದ್ದಿತು ನೋಡುವುದು. ಸವೆದದ್ದು ಹೆಚ್ಚು ಕುಸಿಯಬೇಕು, ನಿಧಾನಕ್ಕೆ ಏಳಬೇಕು. ಒಂದು ನಿಮಿಷದ ಕೆಲಸ... ಒಂದೇ ತಟ್ಟೆಯನ್ನು ಎರಡು ಸಲ ತೊಳೆದೆ.

ಮಾರ್ಚ್ 6

ಮೀಟರಣ್ಣನಿಗೆ ಹೇಳಿದೆ. ನಮ್ಮ ಹಿರಿಯ ಟೆಕ್ನಿಷಿಯನ್. ಇಪ್ಪತ್ತು ವರ್ಷದಿಂದ ಮೀಟರೊಂದನ್ನು ಬಿಟ್ಟು ಯಾರನ್ನೂ ನಂಬಿದವರಲ್ಲ, ಅದಕ್ಕೇ ಆ ಹೆಸರು. ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮಾ, ನಾಡಿ ಹಿಡಿದು ನೋಡೋ ವೈದ್ಯೆ ಆಗ್ಬಿಟ್ಯಾ?"

ಆದರೂ ಅರ್ಧ ಚಾರ್ಜ್ ಇದ್ದ ಇಪ್ಪತ್ತು ಬ್ಯಾಟರಿ ಆರಿಸಿ, ನಂಬರ್ ಅಂಟಿಸಿ ಮುಂದಿಟ್ಟರು. ಮೊದಲು ನೀನು ಹೇಳು, ಆಮೇಲೆ ಮೆಷಿನ್ ಹೇಳಲಿ ಅಂದರು. ಇಪ್ಪತ್ತೈದು ನಿಮಿಷ. ಹದಿಮೂರು ಗಟ್ಟಿ, ಏಳು ಟೊಳ್ಳು. ಚೀಟಿ ಮಡಚಿ ಕೊಟ್ಟೆ. ಡ್ರಾಯರಿಗೆ ಹಾಕಿ ಬೀಗ ಜಡಿದರು.

ಮಾರ್ಚ್ 8, ಮಧ್ಯಾಹ್ನ

ಹತ್ತೊಂಬತ್ತು ಸರಿ! ಹನ್ನೊಂದನೇ ನಂಬರ್ ಮಾತ್ರ ಕೈಕೊಟ್ಟಿತು — ನಾನು ಟೊಳ್ಳು ಅಂದಿದ್ದೆ, ಮೆಷಿನ್ ಗಟ್ಟಿ ಅಂದಿತು. ಮೀಟರಣ್ಣ ಗೇಲಿ ಮಾಡಲಿಲ್ಲ. ಮಾಡಿದ್ದರೇ ವಾಸಿ ಇತ್ತು. ಯಾಕೆ ತಪ್ಪಿತು ಅಂತ ಗೊತ್ತಾಗದೆ ನಾನೂರಕ್ಕೆ ಕೈ ಹಾಕುವುದು ಹೇಗೆ ಅಂದರು. ನ್ಯಾಯವೇ.

ಹನ್ನೊಂದು ಎಲ್ಲಿತ್ತು ಅವತ್ತು? ಮೇಜಿನ ತುದಿ. ತಲೆ ಎತ್ತಿದರೆ ಎಸಿ, ನೇರ ಅದರ ಮೇಲೆಯೇ ಊದುತ್ತಿದೆ. ಚಳಿ ಹಿಡಿದಿತ್ತು ಪಾಪ! ತಣ್ಣಗಾದರೆ ಗಟ್ಟಿ ಬ್ಯಾಟರಿಯೂ ಸವೆದದ್ದರ ಹಾಗೇ ಕುಸಿಯುತ್ತದೆ.

ಅರ್ಧ ಚಾರ್ಜ್ ಮಾಡಿ ಮತ್ತೆ ಅಲ್ಲೇ ಇಟ್ಟೆ. ಲೋಡ್ ಹಾಕಿದೆ. ಕುಸಿಯಿತು. ಮೀಟರಣ್ಣ ಅದನ್ನೆತ್ತಿ, ಬೆಚ್ಚಗಾಗಲೆಂದು ಅಂಗಿ ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದರು. ಬಂದು ತಾವೇ ಲೋಡ್ ಹಾಕಿದರು. ವೋಲ್ಟೇಜ್ ಅಷ್ಟಾಗಿ ಕದಲಲಿಲ್ಲ. ಇನ್ನೊಂದು ಸಲ. ಕದಲಲಿಲ್ಲ.

ಕನ್ನಡಕ ತೆಗೆದು ಒರೆಸಿದರು. "ಎಸಿ ಆಫ್ ಮಾಡಮ್ಮಾ. ನಾನೂರೂ ಹೊರಗೆ ತೆಗಿ."

ಮಾರ್ಚ್ 13

ಐದು ದಿನ ಬರೆಯಲು ಪುರುಸೊತ್ತಿಲ್ಲ. ನಾನು ನಂಬರ್ ಕೂಗುವುದು, ಮೀಟರಣ್ಣ ಬರೆದುಕೊಳ್ಳುವುದು. ಅನುಮಾನ ಬಂದವು ಮಾತ್ರ ಮೆಷಿನ್ನಿಗೆ. ಅರುವತ್ತೊಂದು ಟೊಳ್ಳು, ಅವಕ್ಕೆ ಹೊಸದು ಹಾಕಿದೆವು. ಒಂದು ದಿನ ಮೊದಲೇ ನಾನೂರು ಫೋನು ಹೊರಟವು. ಗಂಟಲು ಕಟ್ಟಿದೆ. ಬೆವರಿ ಬೆವರಿ ಎಲ್ಲರೂ ಒದ್ದೆ. ಎಂಥ ಖುಷಿ!

ಮಾರ್ಚ್ 19, ಸಂಜೆ 5.40

ಒಬ್ಬ ನರ್ಸಮ್ಮನ ಫೋನು, ಯಾರದೋ ನಂಬರಿನಿಂದ. ದೂರು ಇದೆ ಅಂದಾಗ ನಂಬರ್ ಬರೆದಿದ್ದ ಪಟ್ಟಿ ಎಳೆದುಕೊಂಡೆ.

"ಇಲ್ಲೊಬ್ರು ಅಜ್ಜಿ ಇದಾರೆ. ಹಾಸಿಗೆ ಹಿಡಿದು ಎರಡು ವರ್ಷ. ತಂಗಿ ಹತ್ರ ಎರಡು ನಿಮಿಷ ಮಾತಾಡ್ತೀನಿ ಅಂತ ನನ್ನ ಫೋನ್ ಇಸ್ಕೊಂಡ್ರು, ಒಂದೂವರೆ ಗಂಟೆ ಆಯ್ತು. ಚಾರ್ಜ್ ಮುಗಿಯುತ್ತೆ ಕೊಡಿ ಅಂದ್ರೆ, ಇನ್ನೂ ಅರ್ಧ ಇದೆ ನೋಡು ಅಂತಾರೆ. ನಾನು ಮನೆಗೆ ಹೋಗೋದು ಯಾವಾಗ?"

ನಗು ತಡೆಯಲಾಗಲಿಲ್ಲ. ಸ್ಪೀಕರಿಗೆ ಹಾಕಿದೆ. ಲೈನ್ ಇನ್ನೂ ತೆರೆದೇ ಇದೆ. ಮೀಟರಣ್ಣ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಪಕ್ಕದಲ್ಲಿ ನಿಂತಿದ್ದಾರೆ. ನರ್ಸಮ್ಮನ ಹಿಂದಿನಿಂದ ಅಜ್ಜಿಯ ದನಿ, ತಂಗಿಯ ಹತ್ತಿರ ನಕ್ಕು ನಕ್ಕು ಹೇಳುತ್ತಿದ್ದಾರೆ — ಚಿಕ್ಕಂದಿನಲ್ಲಿ ಅಕ್ಕತಂಗಿಯರು ಟೀಚರಮ್ಮನ ಚಪ್ಪಲಿ ಬಚ್ಚಿಟ್ಟರಂತೆ. ಟೀಚರಮ್ಮ ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಇವರ ಮನೆಗೇ ಬಂದರಂತೆ. ಆಗ ತಂಗಿ ಏನು ಮಾಡಿದಳೆಂದರೆ... ತಾಳು, ಕೇಳಿಸಿಕೊಳ್ಳಬೇಕು —